ವಿದೇಶದಿಂದ ಬಂದ ಮೇಲೆ ಹೊಟ್ಟೆ ಕೆಟ್ಟರೆ: ಲ್ಯಾಬಿನಿಂದ ಕೆಲವು ಮಾತು

ವಿದೇಶ ಪ್ರವಾಸ ಮುಗಿಸಿ ಬಂದ ಮೇಲೆ ಹೊಟ್ಟೆ ಕೆಟ್ಟಿದೆಯಾ? ಮಾತ್ರೆ ಹುಡುಕುವ ಮೊದಲು ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ. ಯಾವ ದಿನ ಹೊರಟಿರಿ, ಯಾವ ಯಾವ ದೇಶದಲ್ಲಿ ಎಷ್ಟೆಷ್ಟು ದಿನ ಇದ್ದಿರಿ, ಯಾವತ್ತು ವಾಪಸ್ ಬಂದಿರಿ, ಮೊದಲ ಸಲ ಭೇದಿ ಆದದ್ದು ಯಾವತ್ತು. ಇಷ್ಟನ್ನು ಬರೆದಿಡಿ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಮಲ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಮೈಕ್ರೋಸ್ಕೋಪಿನ ಮುಂದೆ ಕೂತು ಸ್ಲೈಡ್ ನೋಡುವುದೇ ನನ್ನ ಕೆಲಸ. ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಎಷ್ಟೋ ಸಲ ‘ಭೇದಿ’ ಅಂತ ಮಾತ್ರ ಇರುತ್ತದೆ. ಮಲದಲ್ಲಿ ಕಾಣಬಹುದಾದ ರೋಗಾಣುಗಳು ಹತ್ತಾರು. ಎಲ್ಲವೂ ಒಂದೇ ವಿಧಾನದಲ್ಲಿ ಸಿಗುವುದಿಲ್ಲ. ಚೀಟಿಯಲ್ಲಿ ದೇಶದ ಹೆಸರು ಮತ್ತು ದಿನಾಂಕ ಇದ್ದರೆ ಯಾವ ಬಣ್ಣ ಹಾಕಬೇಕು, ಏನನ್ನು ಹುಡುಕಬೇಕು ಅನ್ನುವುದು ನನಗೂ ಗೊತ್ತಾಗುತ್ತದೆ, ಡಾಕ್ಟರಿಗೂ ಗೊತ್ತಾಗುತ್ತದೆ. ಔಷಧಿ ಬರೆದುಕೊಡುವುದು ಅವರ ಕೆಲಸ. ನಾನು ಹೇಳುವುದು ಅವರ ಹತ್ತಿರ ಹೋಗುವ ಮೊದಲು ಏನು ಮಾಡಬೇಕು, ಯಾವಾಗ ತಡ ಮಾಡದೆ ಹೋಗಬೇಕು, ಸ್ಯಾಂಪಲ್ ಹೇಗೆ ಕೊಡಬೇಕು ಅನ್ನುವುದನ್ನು.

ದಿನಗಳ ಲೆಕ್ಕ

ಹೊಟ್ಟೆ ಕೆಟ್ಟ ತಕ್ಷಣ ಎಲ್ಲರೂ ಹಿಂದಿನ ಊಟವನ್ನೇ ದೂರುತ್ತಾರೆ. ಹೆಚ್ಚಿನ ಸಲ ತಪ್ಪು ಆ ಊಟದ್ದಲ್ಲ.

ಆಹಾರದಲ್ಲಿ ಮೊದಲೇ ವಿಷ ಸೇರಿದ್ದರೆ ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗಬಹುದು. ಇದು ಜೋರಾಗಿ ಬಂದು ಬೇಗ ಹೋಗುತ್ತದೆ. ಪ್ರವಾಸಿಗರಲ್ಲಿ ಹೆಚ್ಚಾಗಿ ಕಾಣುವುದು ಬ್ಯಾಕ್ಟೀರಿಯಾದ ಭೇದಿ. ಇ. ಕೋಲಿಯ ಕೆಲವು ಬಗೆಗಳು, ಕ್ಯಾಂಪಿಲೋಬ್ಯಾಕ್ಟರ್, ಶಿಗೆಲ್ಲಾ, ಸಾಲ್ಮೊನೆಲ್ಲಾ ಇದರಲ್ಲಿ ಮುಖ್ಯ. ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳು ಸಾಮಾನ್ಯವಾಗಿ 6ರಿಂದ 72 ಗಂಟೆಯೊಳಗೆ ಕಾಡಲು ಶುರು ಮಾಡುತ್ತವೆ. ಕ್ಯಾಂಪಿಲೋಬ್ಯಾಕ್ಟರ್ ಇನ್ನೂ ಒಂದೆರಡು ದಿನ ಜಾಸ್ತಿ ತೆಗೆದುಕೊಳ್ಳಬಹುದು. ಜಿಯಾರ್ಡಿಯಾದಂಥ ಪರಾವಲಂಬಿಗಳದ್ದು ಬೇರೆ ಲೆಕ್ಕ. ಒಳಗೆ ಹೋದ ಮೇಲೆ ಒಂದರಿಂದ ಎರಡು ವಾರ ಅವು ಸುಮ್ನೆ ಇರುತ್ತವೆ. ಆಮೇಲೆ ಕಾಟ ಶುರು. ಅಷ್ಟರಲ್ಲಿ ನೀವು ಮನೆಗೆ ಬಂದು, ಬಟ್ಟೆ ಒಗೆದು, ಕೆಲಸಕ್ಕೂ ಹೋಗಿರುತ್ತೀರಿ. ಪ್ರವಾಸ ಮರೆತೇ ಹೋಗಿರುತ್ತದೆ. ಅದಕ್ಕೇ ಬಂದು ಹತ್ತು ಹನ್ನೆರಡು ದಿನದ ಮೇಲೆ ಹೊಟ್ಟೆ ಕೆಟ್ಟರೂ ‘ನಾನು ಹೊರದೇಶಕ್ಕೆ ಹೋಗಿ ಬಂದಿದ್ದೆ’ ಅಂತ ಡಾಕ್ಟರಿಗೆ ನೀವೇ ಹೇಳಬೇಕು. ಕೇಳಲಿ ಅಂತ ಕಾಯಬೇಡಿ.

ಎಷ್ಟು ದಿನ ಇರುತ್ತದೆ ಅನ್ನುವುದೂ ಒಂದು ಸುಳಿವು. ಔಷಧಿ ಇಲ್ಲದೆಯೂ ವೈರಸ್ಸಿನದ್ದು ಎರಡು ಮೂರು ದಿನಕ್ಕೆ, ಬ್ಯಾಕ್ಟೀರಿಯಾದ್ದು ಮೂರರಿಂದ ಏಳು ದಿನಕ್ಕೆ ಸಾಮಾನ್ಯವಾಗಿ ಇಳಿಯುತ್ತದೆ. ಪರಾವಲಂಬಿಯದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಎಳೆಯುತ್ತದೆ. 14 ದಿನ ದಾಟಿದರೆ ಕಾಯುವುದರಲ್ಲಿ ಅರ್ಥವಿಲ್ಲ. ಅಲ್ಲಿಂದ ಮುಂದೆ ಪರಾವಲಂಬಿಯ ಸಾಧ್ಯತೆ ಏರುತ್ತಾ ಹೋಗುತ್ತದೆ. ಪರೀಕ್ಷೆ ಮಾಡಿಸಲೇಬೇಕು.

ಮೊದಲ ಎರಡು ಮೂರು ದಿನ

ಈ ದಿನಗಳಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರೋಗಾಣುವಲ್ಲ, ದೇಹದಿಂದ ಹೋಗುವ ನೀರು ಮತ್ತು ಉಪ್ಪು. ಬರೀ ನೀರು ಕುಡಿದರೆ ಸಾಲುವುದಿಲ್ಲ. ಭೇದಿಯ ಹೊತ್ತಿನಲ್ಲೂ ಸಣ್ಣ ಕರುಳಿನಲ್ಲಿ ಒಂದು ದಾರಿ ತೆರೆದೇ ಇರುತ್ತದೆ. ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಬಂದರೆ ಕರುಳು ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ರಾಬರ್ಟ್ ಕ್ರೇನ್ ಅನ್ನುವ ವಿಜ್ಞಾನಿ 1960ರಲ್ಲಿ ಈ ದಾರಿಯನ್ನು ವಿವರಿಸಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಇದೇ ಉಪ್ಪು ಸಕ್ಕರೆ ನೀರನ್ನು ಬಾಯಿಯಿಂದ ಕುಡಿಸಿ ಸಾವಿನ ಪ್ರಮಾಣವನ್ನು ಬಹಳ ಕೆಳಗೆ ಇಳಿಸಿದರು. ಕುಡಿಸಿದವರಲ್ಲಿ ರೋಗಿಗಳ ಮನೆಯವರೇ ಇದ್ದರು. ಆ ಒಂದು ಸಂಗತಿ ಸಾಕು, ಓಆರ್‌ಎಸ್ ಅನ್ನು ಹಗುರವಾಗಿ ಕಾಣಬಾರದು ಅನ್ನುವುದಕ್ಕೆ.

ಪ್ಯಾಕೆಟ್ ಸಿಕ್ಕಿದರೆ ಅದೇ ಒಳ್ಳೆಯದು. ಅದರ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ. ಅರ್ಧ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿಯಬೇಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾದರೆ ಅಪಾಯ, ಮುಖ್ಯವಾಗಿ ಮಕ್ಕಳಿಗೆ. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಏರುತ್ತದೆ. ಸಿಹಿಯಾದ ಕೂಲ್ ಡ್ರಿಂಕ್ಸ್ ಇದಕ್ಕೆ ಆಗದಿರುವುದೂ ಅದಕ್ಕೇ. ಬೆರೆಸಿದ ನೀರನ್ನು 24 ಗಂಟೆ ಆದ ಮೇಲೆ ಚೆಲ್ಲಿಬಿಡಿ.

ದೊಡ್ಡವರು ಪ್ರತಿ ಸಲ ಭೇದಿಯಾದ ಮೇಲೆ ಒಂದೆರಡು ಲೋಟ ಕುಡಿಯಬೇಕು. ವಾಂತಿ ಆಗುತ್ತಿದ್ದರೆ ಹತ್ತು ನಿಮಿಷ ಬಿಟ್ಟು, ಆಮೇಲೆ ಒಂದೊಂದೇ ಚಮಚ. ಒಂದೇ ಸಲಕ್ಕೆ ಗಟಗಟ ಕುಡಿದರೆ ವಾಪಸ್ ಬರುತ್ತದೆ. ಮೂತ್ರದ ಬಣ್ಣ ನೋಡುತ್ತಿರಿ. ತಿಳಿ ಹಳದಿ ಇದ್ದರೆ ಸರಿ ಇದೆ. ಗಾಢವಾಗಿದ್ದರೆ ಇನ್ನೂ ಕುಡಿಯಿರಿ. ಆರೆಂಟು ಗಂಟೆ ಮೂತ್ರವೇ ಬರದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಆಸ್ಪತ್ರೆಗೆ ಹೊರಡಿ.

ಊಟದ ವಿಷಯದಲ್ಲಿ ಉಪವಾಸ ಬೇಕಿಲ್ಲ. ಹಸಿವಾದಾಗ ಅನ್ನ, ಬ್ರೆಡ್, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಹೀಗೆ ಮೆತ್ತಗಿನದನ್ನು ಸ್ವಲ್ಪ ಸ್ವಲ್ಪ ತಿನ್ನಿ. ಎಣ್ಣೆ ಪದಾರ್ಥ, ಕಾಫಿ, ಮದ್ಯ ಕೆಲವು ದಿನ ಬೇಡ. ಹಾಲು ಕುಡಿದಾಗ ಹೊಟ್ಟೆ ಉಬ್ಬರಿಸಿದರೆ ಅದನ್ನೂ ಬಿಡಿ. ಎದೆಹಾಲು ಕುಡಿಯುವ ಮಗುವಿಗೆ ಮಾತ್ರ ಹಾಲು ನಿಲ್ಲಿಸಬೇಡಿ.

ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಎಲ್ಲರ ಪ್ರವಾಸದ ಚೀಲದಲ್ಲೂ ಇರುತ್ತದೆ, ಅಲ್ವಾ? ಜ್ವರ ಇಲ್ಲ, ರಕ್ತ ಇಲ್ಲ, ಬರೀ ನೀರಿನಂಥ ಭೇದಿ, ದೂರ ಪ್ರಯಾಣ ಮಾಡಲೇಬೇಕು ಅಂದರೆ ದೊಡ್ಡವರು ತೆಗೆದುಕೊಳ್ಳಬಹುದು. ಅದು ಕರುಳಿನ ಓಟವನ್ನು ನಿಧಾನ ಮಾಡುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಜ್ವರ ಅಥವಾ ರಕ್ತ ಇದ್ದಾಗ ಸ್ವಂತ ನಿರ್ಧಾರದಲ್ಲಿ ತೆಗೆದುಕೊಳ್ಳಬೇಡಿ. ಚಿಕ್ಕ ಮಕ್ಕಳಿಗೆ ಕೊಡಲೇಬೇಡಿ. ಬಿಸ್ಮತ್ ಇರುವ ಔಷಧಿ ಕುಡಿದಿದ್ದರೆ ನಾಲಗೆ ಮತ್ತು ಮಲ ಕಪ್ಪಾಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಅಂಥ ಔಷಧಿ ಏನೂ ಕುಡಿಯದೆ ಮಲ ಟಾರಿನ ಹಾಗೆ ಕಪ್ಪಾಗಿ, ಅಂಟಂಟಾಗಿ ಬಂದರೆ ಮಾತ್ರ ಅದು ಒಳಗಿನ ರಕ್ತ ಇರಬಹುದು. ತಕ್ಷಣ ತೋರಿಸಿ.

ದಿನವೂ ಬೇರೆ ಮಾತ್ರೆ ನುಂಗುವವರು ಇದನ್ನು ಗಮನಿಸಿ. ಜೋರಾದ ವಾಂತಿ ಭೇದಿಯಲ್ಲಿ ಗರ್ಭನಿರೋಧಕ ಮಾತ್ರೆ ಪೂರ್ತಿ ಕೆಲಸ ಮಾಡದಿರಬಹುದು. ಅಪಸ್ಮಾರದ ಮಾತ್ರೆಯ ಕಥೆಯೂ ಅದೇ. ಬಿಪಿ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ದೇಹದಲ್ಲಿ ನೀರು ಕಮ್ಮಿಯಾದಾಗ ತೊಂದರೆ ಕೊಡಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ಮೆಟ್ಫಾರ್ಮಿನ್ ಈ ಗುಂಪಿನವು. ನಿಲ್ಲಿಸಬೇಕಾ, ಮುಂದುವರಿಸಬೇಕಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಇವು ಕಂಡರೆ ಮನೆಯಲ್ಲಿ ಕೂರಬೇಡಿ

ಮಲದಲ್ಲಿ ರಕ್ತ. ಜೋರು ಜ್ವರ, ಚಳಿ. ನಿಲ್ಲದ ವಾಂತಿ. ಬಿಡದೆ ಕಾಡುವ ಹೊಟ್ಟೆನೋವು. ಕಣ್ಣು ಹಳದಿಯಾಗುವುದು. ಮಗು ಮಂಕಾಗಿ ಮಲಗುವುದು, ಅಳುವಾಗ ಕಣ್ಣೀರು ಬರದಿರುವುದು. ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಇಷ್ಟೆಲ್ಲ ಆಗುವವರೆಗೂ ಕಾಯಬಾರದು.

ಜ್ವರದ ಬಗ್ಗೆ ಒತ್ತಿ ಹೇಳುತ್ತೇನೆ. ಮಲೇರಿಯಾ ಕೂಡ ವಾಂತಿ ಭೇದಿಯ ವೇಷದಲ್ಲಿ ಬರಬಹುದು. ಮಲೇರಿಯಾ ಇರುವ ಪ್ರದೇಶಕ್ಕೆ ಕಾಲಿಟ್ಟು ಒಂದು ವಾರ ಆದ ಮೇಲೆ ಯಾವಾಗ ಜ್ವರ ಬಂದರೂ ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ತಿಂಗಳುಗಳ ಮೇಲೆ ಬಂದರೂ ಅಷ್ಟೇ. ಒಂದು ಸಲ ನೆಗೆಟಿವ್ ಬಂತು ಅಂತ ಬಿಡುವ ಹಾಗಿಲ್ಲ, ಮತ್ತೆ ಮಾಡಿಸಲು ಹೇಳುತ್ತಾರೆ. ಟೈಫಾಯ್ಡಿನಲ್ಲಿ ಜ್ವರ ಮುಂದೆ ಇರುತ್ತದೆ, ಭೇದಿ ಇಲ್ಲದೆ ಮಲಬದ್ಧತೆಯೂ ಇರಬಹುದು. ಅದಕ್ಕೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ ಬೇಕು. ನನ್ನ ಮೈಕ್ರೋಸ್ಕೋಪಿನಲ್ಲಿ ಟೈಫಾಯ್ಡ್ ತಿಳಿಯುವುದಿಲ್ಲ. ‘ಮಲ ಪರೀಕ್ಷೆ ಸರಿ ಬಂದಿದೆ’ ಅನ್ನುವ ರಿಪೋರ್ಟ್ ಹಿಡಿದು ಜ್ವರವನ್ನು ಕಡೆಗಣಿಸುವುದು ನನಗೆ ತುಂಬ ಭಯ ಹುಟ್ಟಿಸುವ ವಿಷಯ.

ಆ್ಯಂಟಿಬಯಾಟಿಕ್‌ಗೆ ಮೊದಲು ಡಬ್ಬಿ

ಡಾಕ್ಟರ್ ಕಲ್ಚರ್ ಪರೀಕ್ಷೆ ಹೇಳಿದ್ದರೆ ಮೊದಲು ಸ್ಯಾಂಪಲ್ ಕೊಡಿ, ಆಮೇಲೆ ಆ್ಯಂಟಿಬಯಾಟಿಕ್ ಶುರು ಮಾಡಿ. ಒಂದೆರಡು ಮಾತ್ರೆ ಒಳಗೆ ಹೋದರೂ ಸಾಕು, ರೋಗಾಣು ಲ್ಯಾಬಿನ ತಟ್ಟೆಯಲ್ಲಿ ಬೆಳೆಯದೆ ಹೋಗಬಹುದು. ಆಗ ಯಾವುದು ಕಾಯಿಲೆ ತಂತು, ಅದಕ್ಕೆ ಯಾವ ಔಷಧಿ ತಾಗುತ್ತದೆ, ಎರಡೂ ಗೊತ್ತಾಗುವುದಿಲ್ಲ. ತುಂಬ ಸೀರಿಯಸ್ ಆಗಿದ್ದರೆ ಮಾತ್ರ ಡಾಕ್ಟರ್ ಕಾಯುವುದಿಲ್ಲ. ಕಾಯಲೂಬಾರದು.

ಸಾಧಾರಣ ಭೇದಿಗೆ ಆ್ಯಂಟಿಬಯಾಟಿಕ್ ಬೇಕಾಗುವುದೇ ಇಲ್ಲ. ಪ್ರವಾಸದಲ್ಲಿ ಉಳಿದ ಸಿಪ್ರೊಫ್ಲಾಕ್ಸಾಸಿನ್ ನುಂಗುವವರು ತಿಳಿದಿರಲಿ: ಏಷ್ಯಾದ ದಕ್ಷಿಣ ಮತ್ತು ಆಗ್ನೇಯ ಭಾಗದ ಕ್ಯಾಂಪಿಲೋಬ್ಯಾಕ್ಟರ್ ಹೆಚ್ಚಾಗಿ ಅದಕ್ಕೆ ಬಗ್ಗುವುದಿಲ್ಲ. ಒಂದು ಬಗೆಯ ಇ. ಕೋಲಿಯಲ್ಲಿ ಆ್ಯಂಟಿಬಯಾಟಿಕ್ ಕೊಟ್ಟರೆ ಕಿಡ್ನಿಗೆ ಹೊಡೆತ ಬೀಳುವ ಅಪಾಯ ಏರಬಹುದು. ಸುಮ್ನೆ ನುಂಗಿದ ಮಾತ್ರೆಯಿಂದ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿದುಕೊಳ್ಳುವುದೂ ಉಂಟು. ಪ್ರವಾಸದಲ್ಲಿ ಯಾವುದೇ ಆ್ಯಂಟಿಬಯಾಟಿಕ್ ನುಂಗಿದ್ದರೆ ಅದರ ಹೆಸರನ್ನೂ ಕಾಗದದಲ್ಲಿ ಸೇರಿಸಿ. ಆ್ಯಂಟಿಬಯಾಟಿಕ್ ಆದ ಮೇಲೆ ಶುರುವಾಗುವ ಕ್ಲೊಸ್ಟ್ರಿಡಿಯೋಯಿಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ಭೇದಿಗೆ ಬೇರೆಯೇ ಪರೀಕ್ಷೆ ಇದೆ.

ಇನ್ನು ಸ್ಯಾಂಪಲ್ ವಿಷಯ. ಇದನ್ನು ಹೇಳಲು ಜನ ನಾಚಿಕೊಳ್ಳುತ್ತಾರೆ, ಕೇಳಲೂ ನಾಚಿಕೊಳ್ಳುತ್ತಾರೆ. ನಾಚಿಕೆಯ ಅಗತ್ಯವೇ ಇಲ್ಲ. ಮೊದಲು ಮೂತ್ರ ಮಾಡಿ ಬನ್ನಿ. ಕಮೋಡಿನ ನೀರಿಗೆ ಬೀಳದ ಹಾಗೆ ಸ್ವಚ್ಛವಾದ, ಒಣಗಿದ ಪಾತ್ರೆ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿಯಿರಿ. ಮೂತ್ರ, ನೀರು, ಫಿನಾಯಿಲ್ ಸೇರಿದರೆ ನಾನು ಹುಡುಕುವ ಜೀವಿಗಳು ಸಾಯುತ್ತವೆ. ಡಬ್ಬಿಯ ಮುಚ್ಚಳಕ್ಕೇ ಅಂಟಿಕೊಂಡ ಚಮಚದಿಂದ ಎರಡು ಮೂರು ಚಮಚದಷ್ಟು ಹಾಕಿ. ರಕ್ತ, ಲೋಳೆ ಕಂಡ ಜಾಗದಿಂದಲೇ ತೆಗೆಯಿರಿ, ಚೆನ್ನಾಗಿರುವ ಜಾಗದಿಂದ ಅಲ್ಲ. ತುಂಬ ಜನ ಉಲ್ಟಾ ಮಾಡುತ್ತಾರೆ. ಡಬ್ಬಿಯ ಕಂಠದವರೆಗೆ ತುಂಬಬೇಡಿ, ಮುಚ್ಚಳ ತೆಗೆಯುವಾಗ ಚಿಮ್ಮುತ್ತದೆ. ಹೆಸರು, ದಿನಾಂಕ, ಗಂಟೆ ಬರೆಯಿರಿ.

ಗಂಟೆ ಯಾಕೆ ಅಂದರೆ, ನೀರಾದ ಮಲದಲ್ಲಿ ಓಡಾಡುವ ಅಮೀಬಾ ಅರ್ಧ ಗಂಟೆಯಲ್ಲೇ ಸಾಯತೊಡಗುತ್ತದೆ. ಬೆಳಿಗ್ಗೆ ಹಿಡಿದು ಸಂಜೆ ತಂದ ಡಬ್ಬಿಯಲ್ಲಿ ಅದು ಗುರುತು ಸಿಗುವುದಿಲ್ಲ. ಆದಷ್ಟು ಬೇಗ ತಂದುಕೊಡಿ. ತಡವಾಗುವುದಾದರೆ ಕೆಡದಂತೆ ಇಡುವ ದ್ರವ ಹಾಕಿದ ಡಬ್ಬಿಯನ್ನು ಲ್ಯಾಬಿನಲ್ಲಿ ಮೊದಲೇ ಕೇಳಿ ಪಡೆಯಿರಿ. ಆ ದ್ರವವನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಪರಾವಲಂಬಿ ಹುಡುಕುವುದಾದರೆ ಒಂದು ಸ್ಯಾಂಪಲ್ ಸಾಲದು. ಬೇರೆ ಬೇರೆ ದಿನದ ಮೂರು ಬೇಕು. ಜಿಯಾರ್ಡಿಯಾ ದಿನವೂ ಹೊರಗೆ ಬರುವುದಿಲ್ಲ. ಇವತ್ತು ಸ್ಲೈಡ್ ಪೂರ್ತಿ ಖಾಲಿ, ನಾಳಿದ್ದು ಕಣ್ಣು ಹಾಯಿಸಿದಲ್ಲೆಲ್ಲ ಅದೇ. ಎರಡು ಕಣ್ಣಿರುವ ಪುಟ್ಟ ಮುಖದ ಹಾಗೆ ಕಾಣುತ್ತದೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ತೇಗು, ಹೊಟ್ಟೆ ಉಬ್ಬರ, ಎಣ್ಣೆ ಜಿಡ್ಡಿನ ಹಾಗೆ ತೇಲುವ ದುರ್ವಾಸನೆಯ ಮಲ, ಇಳಿಯುವ ತೂಕ, ಇವು ಅದರ ಲಕ್ಷಣ. ಇವನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಜಿಯಾರ್ಡಿಯಾಕ್ಕೆ ಆ್ಯಂಟಿಜೆನ್ ಪರೀಕ್ಷೆಯೂ ಇದೆ, ಅದು ಇನ್ನೂ ಸೂಕ್ಷ್ಮ. ಒಂದೇ ಸಲ ಹಲವು ರೋಗಾಣು ಹುಡುಕುವ ಪಿಸಿಆರ್ ಪ್ಯಾನೆಲ್ ಈಗ ಬಂದಿದೆ. ಅದು ಬೇಗ ಹೇಳುತ್ತದೆ. ಆದರೆ ಸತ್ತ ರೋಗಾಣುವಿನ ಡಿಎನ್ಎಯನ್ನೂ ಹಿಡಿಯುತ್ತದೆ. ಹಾಗಾಗಿ ಪಾಸಿಟಿವ್ ಬಂದದ್ದೆಲ್ಲಕ್ಕೂ ಔಷಧಿ ಬೇಕು ಅಂತಿಲ್ಲ. ಅಮೀಬಾ ವಿಷಯದಲ್ಲೂ ಎಚ್ಚರ. ಕಾಯಿಲೆ ತರುವ ಎಂಟಮೀಬಾ ಹಿಸ್ಟೊಲಿಟಿಕಾ ಮತ್ತು ಏನೂ ಮಾಡದ ಡಿಸ್ಪಾರ್, ಎರಡರ ಗೂಡುಗಳೂ (ಸಿಸ್ಟ್) ನೋಡಲು ಒಂದೇ. ಬೇರೆ ಪರೀಕ್ಷೆ ಮಾಡಿಯೇ ಹೇಳಬೇಕು.

ಚೀಟಿಯಲ್ಲಿ ಊರು, ದಿನಾಂಕ ಬರೆಯಿರಿ ಅಂತ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಒಬ್ಬ ಯುವತಿಯ ಸ್ಯಾಂಪಲ್ ನಮ್ಮಲ್ಲಿಗೆ ಬಂದಿತ್ತು. ವಾರಗಳಿಂದ ನೀರಿನಂಥ ಭೇದಿ. ಎರಡು ದಿನ ಬಿಡುವುದು, ಮತ್ತೆ ಹಿಡಿಯುವುದು. ಮೆಟ್ಟಿಲು ಹತ್ತಲಾರದಷ್ಟು ಸುಸ್ತು, ಊಟ ಕಂಡರೆ ಆಗದು. ಜಿಯಾರ್ಡಿಯಾ ಇರಬೇಕು ಅಂತ ಊಹಿಸಿ ಬೇರೆ ಕಡೆ ಮೆಟ್ರೊನಿಡಜೋಲ್ ಕೊಟ್ಟಿದ್ದರು, ಏನೂ ಗುಣವಾಗಿರಲಿಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಈ ಸಲದ ಚೀಟಿಯಲ್ಲಿ ಅವರೇ ಕೈಯಾರೆ ‘ನೇಪಾಳ, ಜೂನ್’ ಅಂತ ಬರೆದಿದ್ದರು. ಆ ಎರಡು ಪದ ನೋಡಿದ ಮೇಲೆ ಸೈಕ್ಲೋಸ್ಪೋರಾ ಅನ್ನುವ ಪರಾವಲಂಬಿಯನ್ನು ಹುಡುಕದೆ ಬಿಡುವುದು ಹೇಗೆ? ನೇಪಾಳದಲ್ಲಿ ಮಳೆಗಾಲದ ಆಸುಪಾಸಿನಲ್ಲಿ ಅದರ ಕಾಟ ಹೆಚ್ಚು. ಮಾಮೂಲಿ ಸ್ಲೈಡಿನಲ್ಲಿ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಆ್ಯಸಿಡ್ ಫಾಸ್ಟ್ ಬಣ್ಣ ಹಾಕಿದೆ. 8ರಿಂದ 10 ಮೈಕ್ರಾನ್ ಅಗಲದ ಗುಂಡು ಗುಂಡು ಕಣಗಳು, ಕೆಲವು ಗಾಢ ಗುಲಾಬಿ, ಕೆಲವು ಬಣ್ಣವೇ ಹಿಡಿಯದೆ ಬೆಳ್ಳಗೆ. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ನೀಲಿ ಬಳೆಗಳಾಗಿ ಹೊಳೆದವು. ಮೆಟ್ರೊನಿಡಜೋಲ್ ಇದಕ್ಕೆ ತಾಗುವುದಿಲ್ಲ, ಬೇಕಾದದ್ದು ಸಲ್ಫಾ ಇರುವ ಕೋ-ಟ್ರೈಮಾಕ್ಸಜೋಲ್. ಡಾಕ್ಟರ್ ಅದನ್ನು ಕೊಟ್ಟರು, ಅವರು ಚೇತರಿಸಿಕೊಂಡರು. ನಿಮ್ಮ ಭೇದಿಯೂ ಹೀಗೆ ಎಳೆಯುತ್ತಿದ್ದರೆ ‘ಸೈಕ್ಲೋಸ್ಪೋರಾ, ಕ್ರಿಪ್ಟೋಸ್ಪೊರಿಡಿಯಂ ಕೂಡ ನೋಡುತ್ತೀರಾ?’ ಅಂತ ಡಾಕ್ಟರ ಹತ್ತಿರ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟೋ ಕಡೆ ಹೆಸರು ಹೇಳಿ ಬರೆದರೆ ಮಾತ್ರ ಆ ಪರೀಕ್ಷೆ ಮಾಡುತ್ತಾರೆ.

ರಿಪೋರ್ಟ್ ಸರಿ ಇದೆ, ಹೊಟ್ಟೆ ಸರಿ ಇಲ್ಲ

ಮೂರು ಸ್ಯಾಂಪಲ್ಲೂ ನೆಗೆಟಿವ್ ಬಂದ ಮೇಲೂ ಹೊಟ್ಟೆ ಮೊದಲಿನಂತೆ ಆಗದಿದ್ದರೆ ಅದು ನಿಮ್ಮ ಭ್ರಮೆ ಅಲ್ಲ. ಸೋಂಕು ಕರುಳಿನ ಒಳಪದರವನ್ನು ಕೆಡಿಸಿ ಹೋಗಿರುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕೆಲವು ವಾರ ಕಮ್ಮಿ ಇರುತ್ತದೆ, ಜಿಯಾರ್ಡಿಯಾ ಆದವರಲ್ಲಂತೂ ಇದು ಸಾಮಾನ್ಯ. ಎರಡು ವಾರ ಹಾಲು ಬಿಟ್ಟು ನೋಡಿ, ವ್ಯತ್ಯಾಸ ತಾನೇ ಗೊತ್ತಾಗುತ್ತದೆ. ಇನ್ನು ಕೆಲವರಿಗೆ, ಸುಮಾರು ಹತ್ತರಲ್ಲಿ ಒಬ್ಬರಿಗೆ, ಸೋಂಕು ಹೋದ ಮೇಲೂ ನುಲಿತ, ಉಬ್ಬರ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಉಳಿದುಕೊಳ್ಳುತ್ತದೆ. ಇದಕ್ಕೆ ಸೋಂಕಿನ ನಂತರದ ಐಬಿಎಸ್ ಅನ್ನುತ್ತಾರೆ. ಇದಕ್ಕೆ ಮತ್ತೆ ಮತ್ತೆ ಆ್ಯಂಟಿಬಯಾಟಿಕ್ ನುಂಗಬಾರದು. ನಿಧಾನವಾಗಿ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ತೂಕ ಇಳಿಯುತ್ತಿದ್ದರೆ, ರಕ್ತ ಬರುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಅದನ್ನು ಐಬಿಎಸ್ ಅಂತ ಬಿಡಬೇಡಿ. ಮೊದಲೇ ಇದ್ದ ಸೀಲಿಯಾಕ್ ಕಾಯಿಲೆ ಅಥವಾ ಕರುಳಿನ ಉರಿಯೂತ ಪ್ರವಾಸದ ಸೋಂಕಿನ ನೆಪದಲ್ಲಿ ಹೊರಗೆ ಬಂದಿರಬಹುದು. ಅದಕ್ಕೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಬೇಕಾಗುತ್ತದೆ.

ತಿಂಗಳುಗಳ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಜೊತೆಗೆ ಜ್ವರ ಬಂದರೆ ಅಮೀಬಾದಿಂದ ಯಕೃತ್ತಿನಲ್ಲಿ ಕೀವು ತುಂಬಿರಬಹುದು. ಆಗ ಭೇದಿ ಇಲ್ಲದೆಯೂ ಇರಬಹುದು, ಮಲ ಪರೀಕ್ಷೆಯಲ್ಲೂ ಏನೂ ಸಿಗದಿರಬಹುದು. ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ.

ಮನೆಯವರಿಗೆ ಹರಡದಿರಲಿ

ಕೈಗೆ ಸೋಪು, ನೀರು ಬೇಕೇ ಬೇಕು. ನೊರೊವೈರಸ್, ಕ್ರಿಪ್ಟೋಸ್ಪೊರಿಡಿಯಂ ಮೇಲೆ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಟವೆಲ್ ಬೇರೆ ಇಟ್ಟುಕೊಳ್ಳಿ. ಫ್ಲಶ್ ಮಾಡುವ ಮೊದಲು ಕಮೋಡಿನ ಮುಚ್ಚಳ ಹಾಕಿ. ಭೇದಿ, ವಾಂತಿ ಪೂರ್ತಿ ನಿಂತು 48 ಗಂಟೆ ಆಗುವವರೆಗೆ ಬೇರೆಯವರಿಗೆ ಅಡುಗೆ ಮಾಡಬೇಡಿ, ಕೆಲಸಕ್ಕೂ ಹೋಗಬೇಡಿ. ಮಕ್ಕಳನ್ನು ಶಾಲೆಗೆ ಕಳಿಸುವುದಕ್ಕೂ ಇದೇ ಲೆಕ್ಕ. ಹೋಟೆಲ್ ಅಡುಗೆಮನೆ, ಆಸ್ಪತ್ರೆ, ಶಿಶುವಿಹಾರದಲ್ಲಿ ಕೆಲಸ ಮಾಡುವವರು ಶಿಗೆಲ್ಲಾ, ಟೈಫಾಯ್ಡ್‌ನಂಥದ್ದು ಬಂದಿದ್ದರೆ ಮತ್ತೆ ಪರೀಕ್ಷೆ ಮಾಡಿಸಿಯೇ ಹೋಗಬೇಕಾಗಬಹುದು, ಡಾಕ್ಟರನ್ನು ಕೇಳಿ. ಕ್ರಿಪ್ಟೋಸ್ಪೊರಿಡಿಯಂ ಈಜುಕೊಳದ ಕ್ಲೋರಿನ್‌ಗೂ ದಿನಗಟ್ಟಲೆ ಬದುಕಿರುತ್ತದೆ. ಅದು ಬಂದವರು ಭೇದಿ ನಿಂತ ಮೇಲೂ ಎರಡು ವಾರ ಈಜಲು ಇಳಿಯಬಾರದು.